ಹೊನ್ನಾವರದ ಕಡಲ್ಗಳ್ಳರನ್ನು ಆಟಕ್ಕೆ ತರುವುದು: ಯುರೋಪಾ ಯೂನಿವರ್ಸಾಲಿಸ್ 4 ಮಾಡ್‌ಗೆ ಸಮಗ್ರ ಮಾರ್ಗದರ್ಶಿ

ಯುರೋಪಾ ಯೂನಿವರ್ಸಾಲಿಸ್ 4 ಎಂಬ ಕಂಪ್ಯೂಟರ್ ಆಟವು 1444ರ ನವೆಂಬರ್ 11ರಂದು ಆರಂಭವಾಗಿ 1821ರವರೆಗೆ ಸಾಗುತ್ತದೆ. ಇದರಲ್ಲಿ ಕಡಲ್ಗಳ್ಳರು ಎಂದೊಡನೆ ಹೆಚ್ಚಿನ ಆಟಗಾರರಿಗೆ ನೆನಪಾಗುವುದು ಕೆರಿಬಿಯನ್ ಸಮುದ್ರ. 2018ರ ಡಿಸೆಂಬರಿನಲ್ಲಿ ಬಂದ ಗೋಲ್ಡನ್ ಸೆಂಚುರಿ ಎಂಬ ವಿಸ್ತರಣೆಯು ಕಡಲ್ಗಳ್ಳರ ಗಣರಾಜ್ಯಗಳನ್ನು ಆಟಕ್ಕೆ ತಂದಿತು, ಅವುಗಳ ನಡೆನುಡಿಯೆಲ್ಲ ಅಟ್ಲಾಂಟಿಕ್ ಸಾಗರದ್ದು. ಆದರೆ ಅದೇ ಆಟದ ಕಾಲಾವಧಿಯೊಳಗೆ, ಶರಾವತಿ ಕಡಲು ಸೇರುವ ಹೊನ್ನಾವರದಲ್ಲಿ ತಿಮ್ಮೋಜಿ ಎಂಬ ನಾವಿಕ ನಾಯಕ ನೆಲೆ ಮಾಡಿಕೊಂಡಿದ್ದ, ಗೇರುಸೊಪ್ಪೆ ಮತ್ತು ವಿಜಯನಗರದ ಆಶ್ರಯದಲ್ಲಿ ಹಡಗುಗಳನ್ನು ತಡೆದು ದೋಚುತ್ತಿದ್ದ, ಕೊನೆಗೆ 1510ರಲ್ಲಿ ಪೋರ್ಚುಗೀಸ್ ಸೇನಾನಿ ಅಫೊನ್ಸೊ ದ ಅಲ್ಬುಕರ್ಕ್‌ನನ್ನು ಗೋವೆಯ ಕಡೆ ತಿರುಗಿಸಿದ. ಈ ಮಾರ್ಗದರ್ಶಿಯಲ್ಲಿ ಅವನನ್ನೂ ಅವನ ಬಂದರನ್ನೂ ಮಾಡ್ ಮೂಲಕ, ಅಂದರೆ ಆಟಗಾರರೇ ಬರೆದು ಸೇರಿಸುವ ಕಡತಗಳ ಮೂಲಕ, ಆಟದೊಳಗೆ ತರುವ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸುತ್ತೇನೆ. ಇದೇ ಕ್ರಮವನ್ನು ಅನುಸರಿಸಿ ಬೇರೆ ಯಾವ ಕರಾವಳಿಯ ಕಡಲ್ಗಳ್ಳರನ್ನು ಬೇಕಾದರೂ ಸೇರಿಸಬಹುದು.

ಒಂದು ಸೂಚನೆ: ಕಡತ, ಫೋಲ್ಡರ್ ಮತ್ತು ಆದೇಶಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಜಾಗ ಬಿಡದೆ ಅಂಡರ್‌ಸ್ಕೋರ್ ಹಾಕಿ ಬರೆಯಬೇಕು. ದೇಶವನ್ನು ಗುರುತಿಸುವ ಮೂರಕ್ಷರದ ಟ್ಯಾಗ್ ಮಾತ್ರ ದೊಡ್ಡ ಅಕ್ಷರಗಳಲ್ಲಿ ಇರಬೇಕು.

ಮೊದಲು ಇತಿಹಾಸ, ಆಮೇಲೆ ಕಡತ

ಕಡಲ್ಗಳ್ಳರ ಮಾಡ್ ಮಾಡಲು ಹೊರಟವರು ಸಾಮಾನ್ಯವಾಗಿ ಬಾವುಟದಿಂದ ಆರಂಭಿಸುತ್ತಾರೆ. ಅದು ಕೊನೆಯಲ್ಲಿ ಮಾಡಬೇಕಾದ ಕೆಲಸ. ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಈ ಕಡಲ್ಗಳ್ಳರು ಯಾವುದರ ಮೇಲೆ ಬದುಕುತ್ತಿದ್ದರು ಎಂಬುದು. ಆ ಪ್ರಶ್ನೆಗೆ ಸಿಗುವ ಉತ್ತರವೇ ನಿಮ್ಮ ಮಾಡ್‌ನ ಎಲ್ಲ ಅಂಕಿಗಳನ್ನೂ ಷರತ್ತುಗಳನ್ನೂ ನಿರ್ಧರಿಸುತ್ತದೆ.

ಪಶ್ಚಿಮ ಕರಾವಳಿಯ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಈ ಕಡೆ ಹಾದು ಹೋದ ಮಾರ್ಕೊ ಪೋಲೊ, ಮಲಬಾರ್ ಮತ್ತು ಗುಜರಾತಿನ ಕಡಲ್ಗಳ್ಳರು ಇಪ್ಪತ್ತು ಮೂವತ್ತು ಹಡಗುಗಳ ಗುಂಪು ಕಟ್ಟಿಕೊಂಡು, ಒಂದರಿಂದ ಇನ್ನೊಂದಕ್ಕೆ ಐದಾರು ಮೈಲಿ ಅಂತರ ಬಿಟ್ಟು ಸಾಲಾಗಿ ನಿಲ್ಲುತ್ತಿದ್ದರೆಂದೂ, ವ್ಯಾಪಾರಿ ಹಡಗು ಕಂಡರೆ ಬೆಂಕಿ ಅಥವಾ ಹೊಗೆಯಿಂದ ಸಂಕೇತ ಕೊಡುತ್ತಿದ್ದರೆಂದೂ ಹೇಳಿದ್ದಾನೆ. ಹೀಗೆ ನೂರು ಮೈಲಿಯಷ್ಟು ಕಡಲು ಅವರ ಬಲೆಯೊಳಗೆ ಇರುತ್ತಿತ್ತು. ಸರಕನ್ನು ದೋಚಿದ ಮೇಲೆ ವ್ಯಾಪಾರಿಗಳನ್ನು ಕೊಲ್ಲದೆ, ಹೋಗಿ ಮತ್ತೆ ಸಂಪಾದಿಸಿಕೊಂಡು ಬನ್ನಿ ಎಂದು ಬಿಟ್ಟು ಕಳುಹಿಸುತ್ತಿದ್ದರು ಎಂಬ ಮಾತೂ ಅವನ ವಿವರಣೆಯಲ್ಲಿದೆ. ನನ್ನ ಮಟ್ಟಿಗೆ ಇಡೀ ವಿನ್ಯಾಸದ ಕೀಲಿ ಇದೇ. ಇವರು ವ್ಯಾಪಾರವನ್ನು ಕೊಂದವರಲ್ಲ, ಅದರ ಹರಿವಿಗೆ ಬಾಯಿ ಇಟ್ಟು ಕುಡಿದವರು. ವ್ಯಾಪಾರ ಬತ್ತಿದರೆ ಇವರೂ ಬತ್ತಬೇಕು.

ಎರಡನೆಯ ಕೀಲಿ ಕುದುರೆ. 1472ರಲ್ಲಿ ಬಹಮನಿ ರಾಜ್ಯದ ಮಹಮೂದ್ ಗವಾನ್ ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡ. ಅರಬ್ ಮತ್ತು ಪರ್ಷಿಯಾದ ಕುದುರೆಗಳು ಇಳಿಯುವ ಮುಖ್ಯ ಬಂದರು ಹೀಗೆ ಎದುರಾಳಿಯ ಕೈಗೆ ಹೋಯಿತು. ಗೋವೆಗೆ ಹೋಗುವ ಕುದುರೆ ಹಡಗುಗಳನ್ನು ಬಲವಂತದಿಂದ ಹೊನ್ನಾವರ ಮತ್ತು ಭಟ್ಕಳಕ್ಕೆ ತಿರುಗಿಸುವ ಕೆಲಸ ಈ ಕರಾವಳಿಯ ನಾಯಕರಿಗೆ ಬಿತ್ತೆಂದು ಪೋರ್ಚುಗೀಸ್ ಚರಿತ್ರೆಕಾರರು ದಾಖಲಿಸಿದ್ದಾರೆ. ಅಂದರೆ ಪೋರ್ಚುಗೀಸರ ಕಣ್ಣಿಗೆ ಕಡಲ್ಗಳ್ಳತನವಾಗಿ ಕಂಡದ್ದು ವಿಜಯನಗರದ ಕಣ್ಣಿಗೆ ಅಶ್ವದಳದ ಪೂರೈಕೆಯಾಗಿತ್ತು. ಮುಂದೆ ಮರಾಠರ ನೌಕಾಪಡೆಯ ಸರಖೇಲ, ಅಂದರೆ ಅಧಿಪತಿ, ಆಗಿದ್ದ ಕಾನ್ಹೋಜಿ ಆಂಗ್ರೆಯನ್ನು ಇಂಗ್ಲಿಷರು ಕಡಲ್ಗಳ್ಳನೆಂದೇ ಬರೆದರು. ಕಲ್ಲಿಕೋಟೆಯ ಸಾಮೂದಿರಿಯ ನೌಕಾಧಿಪತಿಗಳಾಗಿದ್ದ ಕುಂಞಾಲಿ ಮರಕ್ಕಾರರಿಗೂ ಅದೇ ಹೆಸರು ಬಿತ್ತು. ಕಡಲ್ಗಳ್ಳ ಎಂಬ ಪದವನ್ನು ಬರೆದವರು ಯಾರು, ಯಾವ ದಡದಲ್ಲಿ ಕುಳಿತು ಬರೆದರು ಎಂಬುದನ್ನು ಮಾಡ್‌ನ ಪಠ್ಯದಲ್ಲಿ ಮರೆಯಬಾರದು.

ಫೋಲ್ಡರ್ ಮತ್ತು ವಿವರಣೆಯ ಕಡತ

ಆಟದ ಮೂಲ ಕಡತಗಳನ್ನು ಎಂದಿಗೂ ಮುಟ್ಟಬಾರದು. ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್, ಅದರೊಳಗೆ ಯುರೋಪಾ ಯೂನಿವರ್ಸಾಲಿಸ್ 4, ಅದರೊಳಗೆ ಮಾಡ್ ಎಂಬ ಫೋಲ್ಡರ್ ಇರುತ್ತದೆ. ಆಟಕ್ಕೆ ಮೊದಲು ತೆರೆದುಕೊಳ್ಳುವ ಲಾಂಚರ್ ಎಂಬ ಕಿಟಕಿಯಲ್ಲಿರುವ ಮಾಡ್ ರಚನೆಯ ಸೌಲಭ್ಯವನ್ನು ಬಳಸಿದರೆ ಹೆಸರು, ದಾರಿ, ಆಟದ ಆವೃತ್ತಿ ಇವೆಲ್ಲ ಇರುವ ವಿವರಣೆಯ ಕಡತವನ್ನು ಅದೇ ಸಿದ್ಧಪಡಿಸಿಕೊಡುತ್ತದೆ. ನೀವು ಈಗಾಗಲೇ ಇರುವ ಒಂದು ದೊಡ್ಡ ಐತಿಹಾಸಿಕ ಮಾಡ್‌ಗೆ ಈ ಭಾಗವನ್ನು ಸೇರಿಸುತ್ತಿದ್ದರೆ, ಆ ಮಾಡ್‌ನೊಳಗೆ ಕೈ ಹಾಕುವ ಬದಲು ನಿಮ್ಮದನ್ನು ಪ್ರತ್ಯೇಕ ಮಾಡ್ ಆಗಿ ಇಟ್ಟುಕೊಂಡು, ವಿವರಣೆಯ ಕಡತದಲ್ಲಿ ಡಿಪೆಂಡೆನ್ಸೀಸ್ ಎಂಬ ಸಾಲಿನಲ್ಲಿ ಮೂಲ ಮಾಡ್‌ನ ಹೆಸರನ್ನು ಅಕ್ಷರ ತಪ್ಪದೆ ಬರೆಯಿರಿ. ಆಗ ನಿಮ್ಮ ಕಡತಗಳು ಅದರ ನಂತರ ಓದಲ್ಪಡುತ್ತವೆ, ಮೂಲ ಮಾಡ್ ಹೊಸ ಆವೃತ್ತಿ ಕಂಡಾಗಲೂ ನಿಮ್ಮ ಕೆಲಸ ಅಳಿಸಿ ಹೋಗುವುದಿಲ್ಲ.

ಕಡತದ ಹೆಸರಿನ ನಿಯಮ ಬಹಳ ಮುಖ್ಯ. ಮೂಲ ಆಟದಲ್ಲಿರುವ ಹೆಸರನ್ನೇ ನಿಮ್ಮ ಕಡತಕ್ಕೂ ಕೊಟ್ಟರೆ ಮೂಲ ಕಡತ ಪೂರ್ತಿಯಾಗಿ ಮರೆಯಾಗಿ ನಿಮ್ಮದು ಅದರ ಜಾಗಕ್ಕೆ ಬರುತ್ತದೆ. ಹೊಸ ಹೆಸರು ಕೊಟ್ಟರೆ ಎರಡೂ ಓದಲ್ಪಡುತ್ತವೆ. ನಮಗೆ ಬೇಕಾಗಿರುವುದು ಎರಡನೆಯದು. ಆದ್ದರಿಂದ ಪ್ರತಿಯೊಂದು ಕಡತದ ಹೆಸರಿನ ಮುಂದೆ ಹೊನ್ನಾವರ ಎಂಬ ಪೂರ್ವಪದ ಸೇರಿಸಿ.

ಬರೆಯಲು ವಿಶುವಲ್ ಸ್ಟುಡಿಯೋ ಕೋಡ್ ಸಾಕು. ಅದಕ್ಕೆ ಸಿಡಬ್ಲ್ಯೂ ಟೂಲ್ಸ್ ಎಂಬ ವಿಸ್ತರಣೆಯನ್ನು ಹಾಕಿಕೊಂಡರೆ ಪ್ಯಾರಡಾಕ್ಸ್ ಆಟಗಳ ಆದೇಶಗಳಲ್ಲಿ ಆಗುವ ತಪ್ಪುಗಳನ್ನು ಬರೆಯುವಾಗಲೇ ತೋರಿಸುತ್ತದೆ. ಆವರಣ ಚಿಹ್ನೆ ಒಂದು ಕಡಿಮೆಯಾದರೆ ಅದರ ಕೆಳಗಿನ ಎಲ್ಲವೂ ಕೆಡುವ ಭಾಷೆಯಿದು. ಆದ್ದರಿಂದ ಈ ಸಹಾಯವನ್ನು ಬೇಡವೆನ್ನಬೇಡಿ.

ಬಂದರನ್ನು ಮೊದಲು ಕಟ್ಟಿ

ಕಡಲ್ಗಳ್ಳರನ್ನು ಮೂರು ಮಟ್ಟದಲ್ಲಿ ಸೇರಿಸಬಹುದು: ಒಂದು ಬಂದರಿನ ಗುಣವಾಗಿ, ಒಂದು ಘಟನಾವಳಿಯಾಗಿ, ಅಥವಾ ಪೂರ್ಣ ಪ್ರಮಾಣದ ದೇಶವಾಗಿ. ಇದೇ ಕ್ರಮದಲ್ಲಿ ಕೆಲಸ ಮಾಡಿ. ದೇಶದಿಂದ ಆರಂಭಿಸಿದವರು ಮೂರು ದಿನ ಬಾವುಟ, ಹೆಸರು, ಬಣ್ಣಗಳಲ್ಲಿ ಕಳೆದು, ಆ ದೇಶಕ್ಕೆ ಮಾಡಲು ಕೆಲಸವೇ ಇಲ್ಲವೆಂದು ತಿಳಿಯುವಷ್ಟರಲ್ಲಿ ಕೈ ಸೋತಿರುತ್ತಾರೆ.

ಬಂದರಿಗಾಗಿ ಕಾಮನ್ ಫೋಲ್ಡರಿನೊಳಗೆ ಈವೆಂಟ್ ಮಾಡಿಫೈಯರ್ಸ್ ಎಂಬ ಉಪಫೋಲ್ಡರ್ ಮಾಡಿ, ಅದರಲ್ಲಿ ಒಂದು ಪಠ್ಯ ಕಡತ ತೆರೆಯಿರಿ. ಅಲ್ಲಿ ಎರಡು ಮಾಡಿಫೈಯರ್‌ಗಳನ್ನು, ಅಂದರೆ ಪ್ರಾಂತ್ಯದ ಅಥವಾ ದೇಶದ ಗುಣಗಳನ್ನು ಏರಿಳಿಸುವ ಅಂಕಿಗಳ ಗುಂಪುಗಳನ್ನು, ಬರೆಯಬೇಕು. ಮೊದಲನೆಯದು ಪ್ರಾಂತ್ಯಕ್ಕೆ ಅಂಟುವಂಥದ್ದು: ಅದರಲ್ಲಿ ಲೋಕಲ್ ಸೇಲರ್ಸ್ ಮಾಡಿಫೈಯರ್ 0.25 ಮತ್ತು ಪ್ರಾವಿನ್ಸ್ ಟ್ರೇಡ್ ಪವರ್ ವ್ಯಾಲ್ಯೂ 5 ಎಂದಿಡಿ. ಎರಡನೆಯದು ಬಂದರನ್ನು ಹಿಡಿದಿರುವ ದೇಶಕ್ಕೆ: ಪ್ರೈವಟೀರ್ ಎಫಿಶಿಯೆನ್ಸಿ (ಇತರರ ವ್ಯಾಪಾರವನ್ನು ದೋಚಲು ಕಳುಹಿಸುವ ಹಡಗುಗಳ ದಕ್ಷತೆ) 0.15, ಎಂಬಾರ್ಗೊ ಎಫಿಶಿಯೆನ್ಸಿ (ವ್ಯಾಪಾರ ನಿರ್ಬಂಧದ ದಕ್ಷತೆ) 0.10, ಕ್ಯಾವಲ್ರಿ ಕಾಸ್ಟ್ ಮೈನಸ್ 0.10. ಕುದುರೆ ಹಡಗುಗಳನ್ನು ತಿರುಗಿಸಿದ್ದಕ್ಕೆ ಫಲವೆಂದರೆ ಅಶ್ವದಳ ಅಗ್ಗವಾಗುವುದು. ಇತಿಹಾಸದ ಒಂದು ವಾಕ್ಯ ಆಟದ ಒಂದು ಅಂಕಿಯಾಗುವುದು ಹೀಗೆ.

ಇಲ್ಲಿ ನಾನು ಮೊದಲು ಮಾಡಿದ ತಪ್ಪನ್ನು ಹೇಳಬೇಕು. ಮೊದಲ ಆವೃತ್ತಿಯಲ್ಲಿ ನಾನು ಬಂದರಿಗೆ ನೇರವಾಗಿ ಪ್ರತಿ ವರ್ಷ ಇಷ್ಟು ಹಣ ಎಂದು ಕೊಟ್ಟಿದ್ದೆ. ಪರೀಕ್ಷೆಗಾಗಿ ಆಟವನ್ನು ತಾನಾಗಿ ಓಡಲು ಬಿಟ್ಟಾಗ ಯುದ್ಧಗಳಿಂದ ಇಡೀ ಕರಾವಳಿ ಹಾಳಾಗಿ ವ್ಯಾಪಾರ ನೆಲ ಕಚ್ಚಿತ್ತು, ಆದರೆ ನನ್ನ ಹೊನ್ನಾವರ ಮಾತ್ರ ಮೊದಲಿನಷ್ಟೇ ಹಣ ಎಣಿಸುತ್ತಿತ್ತು. ದೋಚಲು ಹಡಗೇ ಇಲ್ಲದ ಕಡಲಿನಲ್ಲಿ ದೋಚಿದ ಹಣ ಎಲ್ಲಿಂದ ಬರಬೇಕು? ಅಂದಿನಿಂದ ನೇರ ಹಣದ ಅಂಕಿಗಳನ್ನೆಲ್ಲ ಕಿತ್ತು ಹಾಕಿ, ಎಲ್ಲ ಲಾಭವನ್ನೂ ವ್ಯಾಪಾರ ಶಕ್ತಿ ಮತ್ತು ಪ್ರೈವಟೀರ್ ದಕ್ಷತೆಗೆ ಕಟ್ಟಿದೆ. ಇವೆರಡರ ಫಲವೂ ಗೋವಾ ವ್ಯಾಪಾರ ಕೇಂದ್ರದ ಮೌಲ್ಯವನ್ನು ಅವಲಂಬಿಸಿರುವುದರಿಂದ, ಕೇಂದ್ರ ತುಂಬಿದರೆ ಬಂದರು ತುಂಬುತ್ತದೆ, ಕೇಂದ್ರ ಬರಿದಾದರೆ ಬಂದರೂ ಬರಿದಾಗುತ್ತದೆ.

ಇದೇ ಕಾರಣಕ್ಕೆ ಕರಾವಳಿ ಸೂರೆಯ ಅಧಿಕಾರವನ್ನು ನಾನು ಹೊನ್ನಾವರಕ್ಕೆ ಕೊಡುವುದಿಲ್ಲ. ಆಟದ ಭಾಷೆಯಲ್ಲಿ ಆ ಆದೇಶದ ಹೆಸರಿನಲ್ಲಿಯೇ ಗುಲಾಮರ ಬೇಟೆ ಎಂಬ ಅರ್ಥವಿದೆ, ಏಕೆಂದರೆ ಅದನ್ನು ಉತ್ತರ ಆಫ್ರಿಕಾದ ಬಾರ್ಬರಿ ಕಡಲ್ಗಳ್ಳರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಲಾಯಿತು. ಅಲ್ಜೀರ್ಸ್ ಅಥವಾ ಟ್ಯೂನಿಸ್ ಕುರಿತು ಮಾಡ್ ಮಾಡುವವರಿಗೆ ಅದು ಸರಿಯಾದ ಸಲಕರಣೆ. ನಮ್ಮ ಕರಾವಳಿಗೆ ಹೊಂದುವುದಿಲ್ಲ.

ಪ್ರಾಂತ್ಯದ ಸಂಖ್ಯೆ ಬೇಕಾದಾಗ ಆಟದೊಳಗೆ ಕನ್ಸೋಲ್ ಎಂಬ ಆದೇಶ ಬರೆಯುವ ಕಿಟಕಿ ತೆರೆದು ಡೀಬಗ್ ಮೋಡ್ ಎಂದು ಬರೆಯಿರಿ. ಆಮೇಲೆ ಭೂಪಟದ ಯಾವ ಪ್ರಾಂತ್ಯದ ಮೇಲೆ ಮೌಸ್ ಇಟ್ಟರೂ ಅದರ ಸಂಖ್ಯೆ ಕಾಣಿಸುತ್ತದೆ. ದೊಡ್ಡ ಮಾಡ್‌ಗಳು ಭೂಪಟವನ್ನೇ ಬದಲಿಸಿರುತ್ತವೆ. ಆದ್ದರಿಂದ ಬೇರೆಯವರು ಕೊಟ್ಟ ಪಟ್ಟಿಯನ್ನು ನಂಬದೆ, ನೀವು ಸೇರಿಸಲಿರುವ ಮಾಡ್ ಚಾಲನೆಯಲ್ಲಿರುವಾಗಲೇ ಸಂಖ್ಯೆಯನ್ನು ನೋಡಿ ಬರೆದುಕೊಳ್ಳಿ.

ಘಟನೆಗಳನ್ನು ಬರೆಯುವುದು

ಈವೆಂಟ್ಸ್ ಫೋಲ್ಡರಿನಲ್ಲಿ ಒಂದು ಕಡತ ತೆರೆದು ಮೊದಲ ಸಾಲಿನಲ್ಲಿ ನೇಮ್‌ಸ್ಪೇಸ್ (ಘಟನೆಗಳ ಗುಂಪಿನ ಹೆಸರು) ಘೋಷಿಸಿ, ಹೊನ್ನಾವರ ಎಂದು ಹೆಸರಿಡಿ. ಅಲ್ಲಿಂದ ಮುಂದೆ ಘಟನೆಗಳ ಗುರುತು ಹೊನ್ನಾವರ ಚುಕ್ಕಿ 1, ಹೊನ್ನಾವರ ಚುಕ್ಕಿ 2 ಎಂದು ಸಾಗುತ್ತದೆ.

ಮೊದಲ ಘಟನೆಯನ್ನು ಹತ್ತಿರದಿಂದ ನೋಡೋಣ. ಅದರ ವಿಷಯ ಶರಾವತಿಯ ಅಳಿವೆಯಲ್ಲಿ ಹುಟ್ಟು ಹಾಕುವ ಹಡಗುಗಳು ಕೂಡಿಕೊಂಡಿರುವುದು. ಷರತ್ತಿನ ಭಾಗದಲ್ಲಿ ವಿಜಯನಗರದ ಟ್ಯಾಗ್ ಆದ ವಿ, ಐ, ಜೆ ಎಂಬ ಮೂರಕ್ಷರ ಬರೆಯಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಹಾಗೆ ಬರೆಯಬೇಡಿ. ಆಟದಲ್ಲಿ 1480ರ ಹೊತ್ತಿಗೆ ವಿಜಯನಗರ ಉಳಿದಿರಬಹುದು, ಅಳಿದಿರಬಹುದು, ಕರಾವಳಿಯನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟಿರಬಹುದು. ಘಟನೆ ಸಲ್ಲಬೇಕಾದದ್ದು ಬಂದರನ್ನು ಹಿಡಿದವರಿಗೆ. ಆದ್ದರಿಂದ ಮೊದಲ ಷರತ್ತು ಓನ್ಸ್ ಮತ್ತು ಹೊನ್ನಾವರ ಇರುವ ಪ್ರಾಂತ್ಯದ ಸಂಖ್ಯೆ. ಎರಡನೆಯದು ಇಸ್ ಇಯರ್ 1480, ಅಂದರೆ ಆ ವರ್ಷ ಅಥವಾ ಅದರ ನಂತರ. ಮೂರನೆಯದು ನಾಟ್ ಎಂಬ ಆವರಣದೊಳಗೆ ಓನ್ಸ್ ಮತ್ತು ಗೋವೆಯ ಸಂಖ್ಯೆ: ಗೋವೆ ನಿಮ್ಮ ಕೈಯಲ್ಲೇ ಇದ್ದರೆ ಕುದುರೆ ಹಡಗುಗಳನ್ನು ದಾರಿ ತಪ್ಪಿಸುವ ಅಗತ್ಯವೇ ಇರುವುದಿಲ್ಲ. ಈ ಮೂರನೆಯ ಸಾಲೇ ಘಟನೆಗೆ ಪ್ರಾಣ. ಫೈರ್ ಓನ್ಲಿ ಒನ್ಸ್ ಎಂಬುದನ್ನು ಯೆಸ್ ಮಾಡಿ. ಮೀನ್ ಟೈಮ್ ಟು ಹ್ಯಾಪನ್ ಎಂಬಲ್ಲಿ 60 ತಿಂಗಳು ಕೊಡಿ. 60 ಎಂದರೆ ಸರಿಯಾಗಿ ಐದು ವರ್ಷಕ್ಕೆ ಘಟನೆ ನಡೆಯುತ್ತದೆ ಎಂದಲ್ಲ, ಅಷ್ಟರೊಳಗೆ ನಡೆಯುವ ಸಾಧ್ಯತೆ ಸುಮಾರು ಅರ್ಧ ಎಂದು ಅರ್ಥ.

ಆಯ್ಕೆಗಳು ಮೂರು ಇರಲಿ. ಆಶ್ರಯ ಕೊಡುವ ಆಯ್ಕೆಯಲ್ಲಿ ಪ್ರಾಂತ್ಯಕ್ಕೆ ಶಾಶ್ವತ ಮಾಡಿಫೈಯರ್, ದೇಶಕ್ಕೆ ಎರಡನೆಯ ಮಾಡಿಫೈಯರ್ ಸಿಗಬೇಕು, ಬದಲಿಗೆ ಸ್ವಲ್ಪ ಹಣ ಖರ್ಚಾಗಬೇಕು. ಹಣವನ್ನು ನೂರು ಡ್ಯೂಕಟ್ ಎಂದು ನಿಗದಿ ಮಾಡುವ ಬದಲು ಆ್ಯಡ್ ಇಯರ್ಸ್ ಆಫ್ ಇನ್‌ಕಮ್ ಎಂಬ ಆದೇಶದಿಂದ ಮೈನಸ್ 0.25 ಎಂದು ಬರೆದರೆ, ದೇಶ ದೊಡ್ಡದಿರಲಿ ಚಿಕ್ಕದಿರಲಿ ಹೊರೆ ಒಂದೇ ರೀತಿ ಬೀಳುತ್ತದೆ. ಅಡಗಿಸುವ ಆಯ್ಕೆಯಲ್ಲಿ ನಾವಿಕರ ಸಂಖ್ಯೆ ಕುಗ್ಗಿ ಗೌರವ ಹೆಚ್ಚಬೇಕು. ಕಂಡೂ ಕಾಣದಂತೆ ಇರುವ ಮೂರನೆಯ ಆಯ್ಕೆಯಲ್ಲಿ ಒಂದು ಕಂಟ್ರಿ ಫ್ಲ್ಯಾಗ್ ಮಾತ್ರ ನೆಡಬೇಕು. ಈ ಗುರುತೇ ಮುಂದೆ ಹೊನ್ನಾವರ ಸ್ವತಂತ್ರವಾಗಲು ದಾರಿ. ಪ್ರತಿಯೊಂದು ಆಯ್ಕೆಗೂ ಎಐ ಚಾನ್ಸ್, ಅಂದರೆ ಕಂಪ್ಯೂಟರ್ ನಡೆಸುವ ದೇಶ ಅದನ್ನು ಆರಿಸಿಕೊಳ್ಳುವ ಸಾಧ್ಯತೆ, ಬರೆಯುವುದನ್ನು ಮರೆಯಬೇಡಿ. ನಾನು ಆಶ್ರಯಕ್ಕೆ 60, ಅಡಗಿಸುವುದಕ್ಕೆ 15, ಸುಮ್ಮನಿರುವುದಕ್ಕೆ 25 ಇಟ್ಟಿದ್ದೇನೆ. ದೇಶಕ್ಕೆ ಸೇರಿಸುವ ಮಾಡಿಫೈಯರ್‌ಗೆ ಕೊಡುವ ಅವಧಿ ದಿನಗಳ ಲೆಕ್ಕದಲ್ಲಿರುತ್ತದೆ: ಹತ್ತು ವರ್ಷಕ್ಕೆ 3650. ಶಾಶ್ವತವಾಗಿ ಬೇಕಿದ್ದರೆ ಮೈನಸ್ 1.

ಎರಡನೆಯ ಘಟನೆ ತಿಮ್ಮೋಜಿಯ ಆಗಮನ. 1498ರಲ್ಲಿ ವಾಸ್ಕೊ ದ ಗಾಮ ಮರಳುವ ದಾರಿಯಲ್ಲಿ ಕಾರವಾರದ ಬಳಿಯ ಅಂಜುದೀವ್ ದ್ವೀಪದಲ್ಲಿ ತಂಗಿದ್ದಾಗ, ತಿಮ್ಮೋಜಿಯ ಎಂಟು ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡು, ಮೇಲೆ ಹಸಿರು ಕೊಂಬೆ ಹೊದ್ದುಕೊಂಡು, ತೇಲುವ ನಡುಗಡ್ಡೆಯಂತೆ ಹತ್ತಿರ ಬಂದವೆಂಬ ವೃತ್ತಾಂತ ಪೋರ್ಚುಗೀಸ್ ಬರಹಗಳಲ್ಲಿದೆ. ಘಟನೆಯ ವಿವರಣೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗುವುದಿಲ್ಲ. ನಾಯಕನನ್ನು ಕೊಡಲು ಡಿಫೈನ್ ಅಡ್ಮಿರಲ್ ಎಂಬ ಆದೇಶವಿದೆ: ಹೆಸರು, ಫೈರ್, ಶಾಕ್, ಚಲನೆ, ಸೀಜ್ ಎಂಬ ಅಂಶಗಳನ್ನು ಅದರೊಳಗೆ ಬರೆಯಬೇಕು. ಫೈರ್ 2, ಶಾಕ್ 3, ಚಲನೆ 5 ನನ್ನ ಆಯ್ಕೆ, ಏಕೆಂದರೆ ಇವನ ಬಲ ಫಿರಂಗಿಯಲ್ಲಿ ಇರಲಿಲ್ಲ, ಕರಾವಳಿಯ ಪ್ರತಿ ಕೊರಕಲನ್ನೂ ಬಲ್ಲ ತಿಳಿವಳಿಕೆಯಲ್ಲಿತ್ತು. ಚಲನೆಯ ಅಂಶಕ್ಕೆ ಆಟದಲ್ಲಿರುವ ಇಂಗ್ಲಿಷ್ ಕಾಗುಣಿತ ನಿಘಂಟಿನದ್ದಲ್ಲ. ಮ್ಯಾನೂವರ್ ಎಂಬ ಪದದಲ್ಲಿ ಎನ್ ಅಕ್ಷರದ ನಂತರ ಇ, ಯು ಎಂದು ಬರಬೇಕಾದಲ್ಲಿ ಯು, ಇ ಎಂದು ಅದಲುಬದಲಾಗಿದೆ. ನೀವು ಸರಿಯಾದ ಕಾಗುಣಿತ ಬರೆದರೆ ಆಟಕ್ಕೆ ಅರ್ಥವಾಗುವುದಿಲ್ಲ, ತಿಮ್ಮೋಜಿಗೆ ಆ ಅಂಕವೇ ಸಿಗುವುದಿಲ್ಲ. ಮೂಲ ಆಟದ ಕಡತದಿಂದ ಆ ಪದವನ್ನು ನಕಲು ಮಾಡಿ ಅಂಟಿಸುವುದೇ ಕ್ಷೇಮ.

ತಿಮ್ಮೋಜಿಯನ್ನು ದೇಶದ ಇತಿಹಾಸ ಕಡತದಲ್ಲಿ 1498ರ ದಿನಾಂಕದ ಕೆಳಗೆ ಬರೆದರೆ ಸಾಲದೇ ಎಂದು ಕೇಳಬಹುದು. ಸಾಲದು. ಇತಿಹಾಸ ಕಡತದ ದಿನಾಂಕಗಳು ಆಟ ಆರಂಭವಾಗುವ ದಿನದವರೆಗೆ ಮಾತ್ರ ಲೆಕ್ಕಕ್ಕೆ ಬರುತ್ತವೆ. 1444ರಲ್ಲಿ ಆರಂಭಿಸಿದ ಆಟಗಾರನಿಗೆ 1498ರ ಸಾಲು ಎಂದಿಗೂ ತಲುಪುವುದಿಲ್ಲ.

ಮೂರನೆಯ ಘಟನೆ ಗೋವೆಯ ಪ್ರಸ್ತಾಪ. 1505ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟ. ಅದಾದ ಮೇಲೆ ತಿಮ್ಮೋಜಿ ಪೋರ್ಚುಗೀಸರೊಡನೆ ಒಪ್ಪಂದದ ದಾರಿ ಹಿಡಿದ. 1510ರ ಆರಂಭದಲ್ಲಿ ಗೋವೆ ದುರ್ಬಲವಾಗಿದೆ ಎಂಬ ಸುದ್ದಿಯನ್ನು ಅಲ್ಬುಕರ್ಕ್‌ಗೆ ಮುಟ್ಟಿಸಿದವನು ಇವನೇ. ಗೋವೆ ಬಿತ್ತು, ಮೇ ತಿಂಗಳಲ್ಲಿ ಆದಿಲ್‌ಶಾಹಿಗಳು ಅದನ್ನು ಮರಳಿ ಪಡೆದರು, ಅಲ್ಬುಕರ್ಕ್‌ನ ಹಡಗುಗಳು ಮಳೆಗಾಲದ ಕಡಲಿಗೆ ಇಳಿಯಲಾಗದೆ ಮಾಂಡೋವಿ ನದಿಯಲ್ಲೇ ತಿಂಗಳುಗಟ್ಟಲೆ ಸಿಕ್ಕಿಬಿದ್ದವು, ನವೆಂಬರ್ 25ರಂದು ಗೋವೆ ಮತ್ತೆ ಪೋರ್ಚುಗೀಸರ ವಶವಾಯಿತು. ಈ ಘಟನೆಯನ್ನು ಆಟಕ್ಕೆ ತರುವಾಗ ಷರತ್ತು ಹೀಗಿರಲಿ: ಪೋರ್ಚುಗಲ್ ದೇಶದ ವ್ಯಾಪ್ತಿಯೊಳಗೆ ಎನಿ ಓನ್ಡ್ ಪ್ರಾವಿನ್ಸ್, ಅದು ಇಂಡಿಯಾ ಸೂಪರ್‌ರೀಜನ್‌ಗೆ ಸೇರಿರಬೇಕು. ಪೋರ್ಚುಗೀಸರು ಭಾರತಕ್ಕೆ ಬಾರದ ಆಟದಲ್ಲಿ ಈ ಘಟನೆ ನಡೆಯಲೇಬಾರದು. ಪ್ರಸ್ತಾಪವನ್ನು ಒಪ್ಪಿದವರಿಗೆ ಗೋವೆಯ ಮೇಲೆ ಹಕ್ಕು ಸಿಗಲಿ, ಜೊತೆಗೆ 120 ದಿನಗಳ ಮಾಡಿಫೈಯರ್ ಒಂದು ನೌಕಾಬಲದ ಸ್ಥೈರ್ಯವನ್ನು ಕುಗ್ಗಿಸಲಿ. ಆ ನಾಲ್ಕು ತಿಂಗಳೇ ಮಳೆಗಾಲ. ವಿವರಣೆಯಲ್ಲಿ ಅಳಿವೆಯ ಮರಳದಿಣ್ಣೆ, ಕೆಂಪು ನೀರು, ದಡಕ್ಕೆಳೆದ ದೋಣಿಗಳನ್ನು ಬರೆಯಲು ಹಿಂಜರಿಯಬೇಡಿ, ಅವನ್ನು ಬಲ್ಲವರು ನಾವೇ.

ಸ್ವಂತ ದೇಶ

ಸುಮ್ಮನಿದ್ದ ಆಯ್ಕೆಯ ಗುರುತು ಇರುವ ಆಟಗಳಲ್ಲಿ ಮಾತ್ರ ಹೊನ್ನಾವರ ದೇಶವಾಗಿ ಹುಟ್ಟಬೇಕು. ಇದಕ್ಕೆ ಮೂರಕ್ಷರದ ಟ್ಯಾಗ್ ಬೇಕು. ಮೂಲ ಆಟದ ಮತ್ತು ನೀವು ಅವಲಂಬಿಸಿರುವ ಮಾಡ್‌ನ ಟ್ಯಾಗ್ ಪಟ್ಟಿಗಳಲ್ಲಿ ಹುಡುಕಿ, ಯಾರೂ ಬಳಸದ್ದನ್ನು ಆರಿಸಿ. ಎ, ಎನ್, ಡಿ ಅಥವಾ ಎನ್, ಓ, ಟಿ ಎಂಬಂಥವು ಆದೇಶದ ಪದಗಳಾದ್ದರಿಂದ ಸಲ್ಲವು. ಸಿ, ಓ, ಎನ್ ಎಂಬುದಂತೂ ವಿಂಡೋಸ್‌ನಲ್ಲಿ ಕಡತದ ಹೆಸರಾಗಿಯೇ ಇರಲು ಸಾಧ್ಯವಿಲ್ಲ, ಬಾವುಟದ ಕಡತ ಉಳಿಸುವಾಗಲೇ ಅದು ತಡೆಯುತ್ತದೆ. ಸಿ ಅಥವಾ ಡಿ ಅಕ್ಷರದ ಮುಂದೆ ಎರಡು ಅಂಕಿ ಇರುವ ಟ್ಯಾಗ್‌ಗಳನ್ನು ಆಟವು ವಸಾಹತು ಮುಂತಾದ ತನ್ನ ತಾತ್ಕಾಲಿಕ ದೇಶಗಳಿಗೆ ಇಟ್ಟುಕೊಂಡಿದೆ.

ಕಂಟ್ರಿ ಟ್ಯಾಗ್ಸ್ ಫೋಲ್ಡರಿನಲ್ಲಿ ಟ್ಯಾಗ್ ಮತ್ತು ದೇಶದ ಕಡತದ ದಾರಿ, ಕಂಟ್ರೀಸ್ ಫೋಲ್ಡರಿನಲ್ಲಿ ಬಣ್ಣ, ನಾಯಕರ ಹೆಸರು, ಹಡಗುಗಳ ಹೆಸರು, ಹಿಸ್ಟರಿ ಫೋಲ್ಡರಿನಲ್ಲಿ ಸರ್ಕಾರ, ಕನ್ನಡ ಸಂಸ್ಕೃತಿ, ಹಿಂದೂ ಧರ್ಮ, ಭಾರತೀಯ ತಂತ್ರಜ್ಞಾನ ಗುಂಪು, ರಾಜಧಾನಿಯ ಸಂಖ್ಯೆ ಇಷ್ಟನ್ನೂ ಒಂದು ನೆರೆಯ ದೇಶದ ಕಡತವನ್ನು ಮಾದರಿಯಾಗಿಟ್ಟುಕೊಂಡು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಹಡಗುಗಳಿಗೆ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಂದು ಉತ್ತರ ಕನ್ನಡದ ನದಿಗಳ ಹೆಸರನ್ನೇ ಇಡಿ. ದೇಶವನ್ನು ಹುಟ್ಟಿಸುವ ಘಟನೆಯಲ್ಲಿ ಪ್ರಾಂತ್ಯದ ವ್ಯಾಪ್ತಿಯೊಳಗೆ ಮೊದಲು ಆ್ಯಡ್ ಕೋರ್, ಆಮೇಲೆ ಸೀಡ್ ಪ್ರಾವಿನ್ಸ್ ಎಂಬ ಎರಡು ಆದೇಶಗಳು ಸಾಕು. ಪ್ರಾಂತ್ಯಗಳ ಇತಿಹಾಸ ಕಡತವನ್ನು ಮುಟ್ಟದೆ ಇದನ್ನು ಘಟನೆಯೊಳಗೇ ಮಾಡುವುದರಿಂದ ಬೇರೆ ಮಾಡ್‌ಗಳೊಡನೆ ಘರ್ಷಣೆ ಆಗುವುದಿಲ್ಲ.

ಸರ್ಕಾರ ಯಾವುದಿರಬೇಕು? ಕಡಲ್ಗಳ್ಳರ ಗಣರಾಜ್ಯದ ಸುಧಾರಣೆ ಕೈಗೆಟಕುವಂತೆ ಇದೆ, ಅದರಲ್ಲಿ ಕಪ್ತಾನರು, ದರೋಡೆಗಾರರು, ಕಳ್ಳಸಾಗಣೆದಾರರು ಎಂಬ ಮೂರು ಬಣಗಳ ಪೈಪೋಟಿಯೂ ಇದೆ. ನಸ್ಸೌ ಅಥವಾ ಟೋರ್ಟುಗಾ ಕುರಿತು ಬರೆಯುವವರು ಅದನ್ನೇ ಬಳಸಲಿ. ಹೊನ್ನಾವರದ ನಾಯಕರು ಮಾತ್ರ ಯಾವಾಗಲೂ ಒಬ್ಬ ರಾಜನ ನೆರಳಿನಲ್ಲಿ ನಿಂತವರು. ಅವರಿಗೆ ಸಾಮಾನ್ಯ ರಾಜಪ್ರಭುತ್ವ ಕೊಟ್ಟು, ಕಡಲಿನ ಗುಣವನ್ನೆಲ್ಲ ರಾಷ್ಟ್ರೀಯ ವಿಚಾರಗಳಲ್ಲಿ ಇಡುವುದು ಇತಿಹಾಸಕ್ಕೆ ಹತ್ತಿರ ಎಂಬುದು ನನ್ನ ಖಚಿತ ಅಭಿಪ್ರಾಯ. ಅದರಿಂದ ಗೋಲ್ಡನ್ ಸೆಂಚುರಿ ಕೊಳ್ಳದವರಿಗೂ ಮಾಡ್ ಕೆಲಸ ಮಾಡುತ್ತದೆ.

ರಾಷ್ಟ್ರೀಯ ವಿಚಾರಗಳಲ್ಲಿ ಎರಡು ಸಂಪ್ರದಾಯ, ಏಳು ವಿಚಾರ, ಒಂದು ಮಹತ್ವಾಕಾಂಕ್ಷೆ ಇರಲೇಬೇಕು, ಎಣಿಕೆ ತಪ್ಪಬಾರದು. ನನ್ನ ಪಟ್ಟಿಯಲ್ಲಿ ಸಂಪ್ರದಾಯಗಳು ಪ್ರೈವಟೀರ್ ದಕ್ಷತೆ 25 ಪ್ರತಿಶತ ಮತ್ತು ನಾವಿಕರು 20 ಪ್ರತಿಶತ. ವಿಚಾರಗಳಲ್ಲಿ ಮಾರ್ಕೊ ಪೋಲೊ ಕಂಡ ಬೆಂಕಿಯ ಸಂಕೇತಕ್ಕೆ ಹಡಗುಗಳ ವ್ಯಾಪಾರ ಶಕ್ತಿ, ಕೊಂಬೆ ಹೊದ್ದ ದೋಣಿಗೆ ಹಡಗು ವಶಪಡಿಸಿಕೊಳ್ಳುವ ಸಾಧ್ಯತೆ, ಕುದುರೆಯ ತಿರುವಿಗೆ ಎಂಬಾರ್ಗೊ ದಕ್ಷತೆ, ಗೇರುಸೊಪ್ಪೆಯ ಕಾಳುಮೆಣಸಿಗೆ ವ್ಯಾಪಾರ ದಕ್ಷತೆ, ಅಳಿವೆಯ ಅರಿವಿಗೆ ಸ್ವಂತ ಕರಾವಳಿಯ ನೌಕಾಯುದ್ಧದಲ್ಲಿ 1 ಅಂಕ, ಎರಡು ದಡದ ಮಾತುಕತೆಗೆ ರಾಜತಾಂತ್ರಿಕ ಖ್ಯಾತಿ 1 ಬರುತ್ತವೆ. ಏಳನೆಯದಾಗಿ ಹಗುರ ಹಡಗುಗಳ ಯುದ್ಧ ಶಕ್ತಿ 10 ಪ್ರತಿಶತ, ಮಹತ್ವಾಕಾಂಕ್ಷೆಯಾಗಿ ನೌಕಾಪಡೆಯ ಸ್ಥೈರ್ಯ ಇಟ್ಟಿದ್ದೇನೆ. ತಿಮ್ಮೋಜಿಯ ದೋಣಿಗಳು ಹುಟ್ಟು ಹಾಕುವಂಥವು, ಆದ್ದರಿಂದ ಗ್ಯಾಲಿ ಹಡಗುಗಳಿಗೆ ಬಲ ಕೊಡಬೇಕಲ್ಲವೇ ಎಂಬ ಪ್ರಶ್ನೆ ಸರಿಯಾದದ್ದೇ. ಆದರೆ ಆಟದಲ್ಲಿ ಗ್ಯಾಲಿಗೆ ಹೆಚ್ಚುವರಿ ಬಲ ಸಿಗುವುದು ಒಳನಾಡು ಸಮುದ್ರಗಳಲ್ಲಿ ಮಾತ್ರ, ನಮ್ಮ ಕರಾವಳಿಯ ಅರಬ್ಬಿ ಸಮುದ್ರ ಆ ಪಟ್ಟಿಯಲ್ಲಿಲ್ಲ. ಜೊತೆಗೆ ಪ್ರೈವಟೀರ್ ಕೆಲಸಕ್ಕೆ ಹೋಗುವವು ಹಗುರ ಹಡಗುಗಳೇ.

ಅಕ್ಷರ ಮತ್ತು ಬಾವುಟ

ಲೋಕಲೈಸೇಶನ್ ಕಡತದ ಹೆಸರು ಎಲ್ ಇಂಗ್ಲಿಷ್ ಎಂದು ಮುಗಿಯಬೇಕು, ವೈಎಂಎಲ್ ಮಾದರಿಯಲ್ಲಿರಬೇಕು, ಮತ್ತು ಅದನ್ನು ಯುಟಿಎಫ್-8 ವಿತ್ ಬಾಮ್ ಎಂಬ ಎನ್‌ಕೋಡಿಂಗ್‌ನಲ್ಲಿಯೇ ಉಳಿಸಬೇಕು. ಕಡತದ ಆರಂಭದಲ್ಲಿ ಕೂರುವ ಎನ್‌ಕೋಡಿಂಗ್ ಗುರುತಾದ ಈ ಬಾಮ್ ಇಲ್ಲದಿದ್ದರೆ ಘಟನೆಯ ಶೀರ್ಷಿಕೆಯ ಜಾಗದಲ್ಲಿ ಹೊನ್ನಾವರ ಚುಕ್ಕಿ 1 ಚುಕ್ಕಿ ಟಿ ಎಂಬ ಬರೀ ಗುರುತು ಕಾಣಿಸುತ್ತದೆ. ಮಾಡ್ ಮಾಡುವವರು ಅತಿ ಹೆಚ್ಚು ಹೊತ್ತು ಕಳೆದುಕೊಳ್ಳುವುದು ಇಲ್ಲಿ. ಉಳಿದ ಆದೇಶದ ಕಡತಗಳಿಗೆ ಬಾಮ್ ಬೇಡ.

ಪಠ್ಯವನ್ನು ಕನ್ನಡ ಲಿಪಿಯಲ್ಲಿಯೇ ಬರೆಯುವ ಆಸೆ ನನಗೂ ಇತ್ತು. ಆಟ ಬಳಸುವುದು ಅಕ್ಷರಗಳ ಚಿತ್ರ ಜೋಡಿಸಿದ ಬಿಟ್‌ಮ್ಯಾಪ್ ಫಾಂಟ್‌ಗಳನ್ನು. ಒತ್ತಕ್ಷರವನ್ನು ಕೆಳಗೆ ಕೂಡಿಸುವ, ಕೊಂಬು ಗುಡಿಸುಗಳನ್ನು ಸರಿಯಾದ ಜಾಗಕ್ಕೆ ಸೇರಿಸುವ ವ್ಯವಸ್ಥೆ ಅದರಲ್ಲಿಲ್ಲ. ಆದ್ದರಿಂದ ಸದ್ಯಕ್ಕೆ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿಯೇ ಇರಬೇಕು. ಆದರೂ ಪೋರ್ಚುಗೀಸರು ಹೊನ್ನಾವರವನ್ನು ಓನೋರ್ ಎಂದು ಬರೆದಂತೆ ನಾವು ಬರೆಯಬೇಕಾಗಿಲ್ಲ. ಊರಿನವರು ಕರೆಯುವ ಹೆಸರನ್ನೇ ಬರೆಯೋಣ.

ಬಾವುಟ 128 ಅಡ್ಡ 128 ಪಿಕ್ಸೆಲ್‌ನ ಟಿಜಿಎ ಚಿತ್ರ, ಹೆಸರು ಟ್ಯಾಗ್‌ನದ್ದೇ, ಜಾಗ ಜಿಎಫ್‌ಎಕ್ಸ್ ಒಳಗಿನ ಫ್ಲ್ಯಾಗ್ಸ್ ಫೋಲ್ಡರ್. ಗಿಂಪ್‌ನಿಂದ ಉಳಿಸುವಾಗ ಆರ್‌ಎಲ್‌ಇ ಸಂಕೋಚನದ ಗುರುತನ್ನು ತೆಗೆಯಿರಿ. ತಲೆಬುರುಡೆ ಮತ್ತು ಎಲುಬಿನ ಬಾವುಟ ಬೇಡ. ಅದು 1700ರ ಆಸುಪಾಸಿನ ಅಟ್ಲಾಂಟಿಕ್ ಕಡಲ್ಗಳ್ಳರದ್ದು, ತಿಮ್ಮೋಜಿಗಿಂತ ಸುಮಾರು ಎರಡು ಶತಮಾನ ಈಚಿನದು. ಒಂದು ಕೆಂಪು ನೆಲ, ಅದರ ಮೇಲೆ ಹುಟ್ಟುಗಳ ಸಾಲು ಇದ್ದರೆ ಸಾಕು, ಭೂಪಟದಲ್ಲಿ ಚಿಕ್ಕದಾಗಿ ಕಂಡಾಗಲೂ ಗುರುತು ಹತ್ತುತ್ತದೆ.

ಪರೀಕ್ಷೆ

ಒಂದು ಕಡತ ಸೇರಿಸಿದ ಕೂಡಲೇ ಆಟ ತೆರೆದು ನೋಡಿ, ಹತ್ತು ಕಡತ ಬರೆದ ಮೇಲೆ ಅಲ್ಲ. ಡಾಕ್ಯುಮೆಂಟ್ಸ್‌ನಲ್ಲಿರುವ ಆಟದ ಫೋಲ್ಡರಿನ ಲಾಗ್ಸ್ ಒಳಗೆ ಎರರ್ ಲಾಗ್ ಎಂಬ ಕಡತವಿದೆ. ಮಾಡ್ ಇಲ್ಲದೆ ಒಮ್ಮೆ ಆಟ ತೆರೆದು ಅದರ ಪ್ರತಿ ಇಟ್ಟುಕೊಳ್ಳಿ, ಮಾಡ್ ಹಾಕಿದ ಮೇಲೆ ಹೊಸದಾಗಿ ಬಂದ ಸಾಲುಗಳೇ ನಿಮ್ಮ ತಪ್ಪುಗಳು. ಕನ್ಸೋಲಿನಲ್ಲಿ ಈವೆಂಟ್ ಎಂದು ಬರೆದು ಘಟನೆಯ ಗುರುತು ಕೊಟ್ಟರೆ ಅದು ತಕ್ಷಣ ತೆರೆಯುತ್ತದೆ, ಟ್ಯಾಗ್ ಎಂದು ಬರೆದು ಮೂರಕ್ಷರ ಕೊಟ್ಟರೆ ಆ ದೇಶಕ್ಕೆ ದಾಟಬಹುದು. ಆದರೆ ಹೀಗೆ ಬಲವಂತದಿಂದ ತೆರೆದ ಘಟನೆ ಷರತ್ತುಗಳು ಸರಿಯಾಗಿವೆಯೇ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ಅಬ್ಸರ್ವ್ ಆದೇಶ ಕೊಟ್ಟು, ಅತಿ ವೇಗದಲ್ಲಿ 1444ರಿಂದ 1550ರವರೆಗೆ ಆಟವನ್ನು ತಾನಾಗಿ ಓಡಲು ಬಿಡಬೇಕು. ಕನಿಷ್ಠ ಐದು ಸಲ ಓಡಿಸಿ. ನೋಡಬೇಕಾದದ್ದು ಮೂರು ಸಂಗತಿಗಳನ್ನು: ಐದರಲ್ಲಿ ಒಂದೆರಡು ಆಟಗಳಲ್ಲಾದರೂ ಆಶ್ರಯದ ಘಟನೆ ನಡೆಯಿತೇ, ಹೊನ್ನಾವರ ಸ್ವತಂತ್ರವಾದ ಆಟಗಳಲ್ಲಿ ಅದು ಭೂಮಿಯ ಕಡೆ ಅತಿಯಾಗಿ ಹರಡಿತೇ, ಗೋವಾ ವ್ಯಾಪಾರ ಕೇಂದ್ರ ಕುಸಿದಾಗ ಅದರ ಆದಾಯವೂ ಕುಸಿಯಿತೇ. ಎರಡನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ನಾವಿಕರ ಅಂಕಿಯನ್ನು ಹಾಗೇ ಬಿಟ್ಟು ವ್ಯಾಪಾರ ಶಕ್ತಿಯನ್ನು ತಗ್ಗಿಸಿ, ಏಕೆಂದರೆ ಹೆಚ್ಚಿದ ಹಣವೇ ಕೂಲಿ ಸೈನ್ಯವಾಗಿ ನೆಲದ ಮೇಲೆ ನಡೆದಿರುತ್ತದೆ.

ವಿಸ್ತರಣೆಗಳನ್ನೆಲ್ಲ ಲಾಂಚರಿನಲ್ಲಿ ಆಫ್ ಮಾಡಿ ಇನ್ನೊಂದು ಸಲ ಪರೀಕ್ಷಿಸಿ. ಪ್ರೈವಟೀರ್ ಕಾರ್ಯಾಚರಣೆ 2014ರ ವೆಲ್ತ್ ಆಫ್ ನೇಷನ್ಸ್ ವಿಸ್ತರಣೆಯೊಂದಿಗೆ ಬಂದದ್ದು. ಅದು ಇಲ್ಲದವರಿಗೆ ನಿಮ್ಮ ಮುಖ್ಯ ಸಂಪ್ರದಾಯವೇ ಉಪಯೋಗಕ್ಕೆ ಬಾರದೆ ಉಳಿಯುತ್ತದೆ. ಹ್ಯಾಸ್ ಡಿಎಲ್‌ಸಿ ಎಂಬ ಷರತ್ತು ಬಳಸಿ, ಘಟನೆಯಲ್ಲಿ ಅಂಥವರಿಗೆ ಪ್ರೈವಟೀರ್ ದಕ್ಷತೆಯ ಬದಲು ಹಡಗುಗಳ ವ್ಯಾಪಾರ ಶಕ್ತಿ ಕೊಡುವ ಮತ್ತೊಂದು ಮಾಡಿಫೈಯರ್ ಬರೆಯಿರಿ.

ಬಿಡುಗಡೆ ಮಾಡುವಾಗ ವಿವರಣೆಯಲ್ಲಿ ಆಟದ ಯಾವ ಆವೃತ್ತಿಗೆ ಪರೀಕ್ಷಿಸಿದ್ದೀರಿ, ಯಾವ ವಿಸ್ತರಣೆಗಳಿದ್ದರೆ ಪೂರ್ಣ ಫಲ ಸಿಗುತ್ತದೆ, ಯಾವ ಮಾಡ್‌ನ ನಂತರ ಇದನ್ನು ಹಾಕಬೇಕು ಎಂಬ ಮೂರನ್ನೂ ಬರೆಯಿರಿ. ಮುಖಚಿತ್ರದ ಕಡತ ಒಂದು ಎಂಬಿ ಮೀರಬಾರದು. ಮುಂದೆ ತಿದ್ದುಪಡಿ ಹೊರಡಿಸುವಾಗ, ಈಗಾಗಲೇ ಬಳಕೆಯಲ್ಲಿರುವ ಮಾಡಿಫೈಯರ್ ಮತ್ತು ಘಟನೆಗಳ ಗುರುತಿನ ಹೆಸರನ್ನು ಬದಲಿಸಬೇಡಿ. 1510ರವರೆಗೆ ಆಡಿ ಉಳಿಸಿಟ್ಟುಕೊಂಡವರ ಹೊನ್ನಾವರ, ಆ ಹೆಸರು ಸಿಗದ ದಿನ ಬರಿಯ ಒಂದು ಪ್ರಾಂತ್ಯವಾಗಿಬಿಡುತ್ತದೆ.